ಮೊದಲು ಜಾಗ ಕೊಡಿ

ಕೇಳುಗರಿಗೆ ನಮಸ್ಕಾರ. ವಸತಿ ನೀತಿ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕರೆದಿದ್ದಾರೆ. ನೀತಿ ಅಂದ ತಕ್ಷಣ ರೇಡಿಯೋ ಆಫ್ ಮಾಡಬೇಡಿ, ನಾನು ಹೇಳುವುದು ಒಂದೇ ಮಾತು. ಮನೆ ಕಟ್ಟಿಕೊಳ್ಳುವುದು ನಮ್ಮ ಜನಕ್ಕೆ ಗೊತ್ತು. ಅವರಿಗೆ ಬೇಕಾಗಿರುವುದು ಜಾಗ, ಅದಕ್ಕೊಂದು ಹಕ್ಕುಪತ್ರ.

ನಾನು ಎಂಜಿನಿಯರ್. ಬಡವರ ಮನೆಗಳ ಲೆಕ್ಕ ಬರೆದೇ ತಲೆ ಬೆಳ್ಳಗಾಯಿತು. ಒಂದು ಕಾಲಕ್ಕೆ ಸರ್ಕಾರ ತಾನೇ ನಿಂತು ಮನೆ ಕಟ್ಟಿಸುತ್ತಿತ್ತು. ದೇವರಾಜ ಅರಸು ಕಾಲದ ಜನತಾ ಮನೆ ನೆನಪಿದೆಯಲ್ವಾ? ಎಷ್ಟೋ ಊರುಗಳಲ್ಲಿ ಆ ಬೀದಿಗೆ ಇವತ್ತಿಗೂ ಜನತಾ ಕಾಲೋನಿ ಅಂತಲೇ ಹೆಸರು. ಆಮೇಲೆ 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾಯಿತು. ಈಗ ಸರ್ಕಾರ ಗಾರೆ ಕಲಸುವುದಿಲ್ಲ, ಕಂತು ಹಾಕುತ್ತದೆ. ತಳಪಾಯಕ್ಕೊಂದು ಫೋಟೋ, ಗೋಡೆಗೊಂದು ಫೋಟೋ, ಛಾವಣಿಗೊಂದು ಫೋಟೋ, ಫೋಟೋ ಸರಿಯಿದ್ದರೆ ದುಡ್ಡು ಖಾತೆಗೆ. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದಾಗ ಬಯಲುಸೀಮೆಯ ಮನೆಗೆ 1.20 ಲಕ್ಷ ಅಂತ ಇಟ್ಟರು. ಬದಲಾವಣೆ ಒಳ್ಳೆಯದೇ. ತನ್ನ ಮನೆಯನ್ನು ತಾನೇ ನಿಂತು ಕಟ್ಟಿಸಿಕೊಂಡವನು ಸಿಮೆಂಟ್ ಕದಿಯುವುದಿಲ್ಲ.

ಆದರೆ ದುಡ್ಡು ಯಾರಿಗೆ? ಜಾಗ ಇದ್ದವರಿಗೆ! ಪಂಚಾಯ್ತಿಯಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ವಸತಿ ರಹಿತರದು, ಅಂದರೆ ಜಾಗ ಇದೆ ಮನೆ ಇಲ್ಲ. ಇನ್ನೊಂದು ನಿವೇಶನ ರಹಿತರದು, ಅಂದರೆ ಎರಡೂ ಇಲ್ಲ. ಮೊದಲನೇ ಪಟ್ಟಿ ಓಡುತ್ತದೆ, ಎರಡನೆಯದು ಕೂತಿರುತ್ತದೆ.

ಬಯಲುಸೀಮೆಯ ಒಂದು ಹಳ್ಳಿ, ಹೆಸರು ಬೇಡ. ಗಂಡ ತೀರಿಕೊಂಡ ಹೆಣ್ಣುಮಗಳು, ಕೂಲಿ ಕೆಲಸ, ಒಬ್ಬ ಮಗ. ಹೆಸರು ಮೊದಲನೇ ಪಟ್ಟಿಯಲ್ಲಿತ್ತು, ಮನೆ ಮಂಜೂರಾಗಿತ್ತು. ಟೇಪು ಹಿಡಿದುಕೊಂಡು ಹೋದೆ. ಭಾವನ ಹಿತ್ತಿಲಲ್ಲಿ ನಾಲ್ಕು ತಗಡು ಹಾಕಿಕೊಂಡಿದ್ದಳು. ತಗಡಿಗೆ ಒರಗಿಸಿ ಒಂದು ಬೇವಿನ ಬಾಗಿಲು, ಚೌಕಟ್ಟಿನ ಸಮೇತ. ಯಾರೋ ಹಳೇ ಮನೆ ಕೆಡವುವಾಗ ದುಡ್ಡು ಕೊಟ್ಟು ತಂದಿದ್ದಳಂತೆ. ಮನೆಯೇ ಇಲ್ಲ, ಹೊಸ್ತಿಲಿಗೆ ಮಾತ್ರ ಅರಿಶಿನ ಕುಂಕುಮ ಹಚ್ಚಿತ್ತು. ಜಾಗದ ಖಾತೆ ಯಾರ ಹೆಸರಲ್ಲಿದೆ ನೋಡಿದರೆ ಮಾವನ ಅಪ್ಪನದು, ಆತ ಹೋಗಿ ಎಷ್ಟೋ ವರ್ಷ. ಆರು ಜನ ಪಾಲುದಾರರು. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಎಲ್ಲರ ಸಹಿ ಬೇಕು, ಒಬ್ಬ ಗೋವಾದಲ್ಲಿ ದುಡಿಯಲು ಹೋದವನು ಫೋನೇ ಎತ್ತುವುದಿಲ್ಲ. ಜಾಗದ ಕಾಗದ ಇಲ್ಲದೆ ಕಂತು ಬಿಡುವ ಹಾಗಿಲ್ಲ ಅಂದೆ. "ಬಾಗಿಲಾ ತಂದೀನ್ರಿ ಸಾಹೇಬ್ರ, ಗ್ವಾಡಿ ಎಲ್ಲಿ ನಿಲ್ಲಸ್ಲಿ ಹೇಳ್ರಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಡುವು ಮುಗಿಯಿತು, ಮಂಜೂರಾತಿ ರದ್ದಾಯಿತು, ಹೆಸರು ಎರಡನೇ ಪಟ್ಟಿಗೆ ಹೋಯಿತು. ಮರುವರ್ಷ ಅದೇ ದಾರಿಯಲ್ಲಿ ಹೋದಾಗ ಆ ಬಾಗಿಲನ್ನು ಕಲ್ಲಿನ ಮೇಲೆ ಮಲಗಿಸಿ ಮಂಚ ಮಾಡಿಕೊಂಡಿದ್ದರು. ಹುಡುಗ ಅದರ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದ.

ಅಯ್ಯೋ, ಗಾಜಿನ ಆಚೆಯಿಂದ ಆಗಲೇ ಎರಡು ಬೆರಳು ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಬೆಂಗಳೂರಿನಲ್ಲೂ ಇದೇ ಕಥೆ. 1976ರಲ್ಲಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಾಗ ಸೈಟು ಹಂಚುವುದು ಸರ್ಕಾರದ ದೊಡ್ಡ ಕೆಲಸವಾಗಿತ್ತು. ಈಗ ಮೈದಾನದ ತುಂಬ ಖಾಸಗಿ ಬಿಲ್ಡರುಗಳು, ಅವರ ಮೇಲೆ ಕಣ್ಣಿಡುವ 2016ರ ರೇರಾ ಕಾಯ್ದೆ ಬಂದ ಮೇಲೆ ಸರ್ಕಾರ ಅಂಪೈರು. ಇರಲಿ, ಆದರೆ ಅಂಪೈರು ಬಡವನಿಗೆ ಜಾಗ ಕೊಡುತ್ತಾನಾ? ಕಟ್ಟುವುದನ್ನು ಯಾರಿಗೆ ಬೇಕಾದರೂ ಬಿಡಿ, ಸಾಲ ಬ್ಯಾಂಕ್ ಕೊಡಲಿ, ಕೂಲಿಯ ನೆಲವನ್ನು ಕೂಲಿಯ ಹೆಸರಿಗೆ ಬರೆಯುವುದು ಸರ್ಕಾರ ಬಿಟ್ಟರೆ ಇನ್ಯಾರ ಕೈಲೂ ಆಗುವುದಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ. 2017ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ತಾಂಡಾ, ಹಟ್ಟಿಗಳಲ್ಲಿ ವಾಸ ಇದ್ದವರಿಗೇ ಮನೆ ಜಾಗದ ಹಕ್ಕು ಕೊಡಲು ದಾರಿ ಮಾಡಿದರಲ್ಲ. ಹಳ್ಳಿಯ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಜಾಗ ಸಕ್ರಮ ಮಾಡಿಕೊಡಲು ಭೂಕಂದಾಯ ಕಾಯ್ದೆಯ 94ಸಿ ಕಲಂ ಇದೆ, ಅರ್ಜಿ ಹಾಕಿದ್ದರೆ ಸುಮ್ನೆ ಕೂರಬೇಡಿ, ಎಲ್ಲಿಗೆ ಬಂತು ಅಂತ ಕೇಳುತ್ತಲೇ ಇರಿ.

ಮುಂದಿನ ಗ್ರಾಮಸಭೆಗೆ ಹೋದಾಗ ಮನೆ ಎಷ್ಟು ಬಂದಿವೆ ಅಂತ ಕೇಳಬೇಡಿ, ಅದನ್ನು ಅವರೇ ಜಾಸ್ತಿ ಸಲ ಹೇಳುತ್ತಾರೆ. ನಿವೇಶನ ರಹಿತರ ಪಟ್ಟಿ ಗಟ್ಟಿಯಾಗಿ ಓದಿಸಿ. ಊರಲ್ಲಿ ಸರ್ಕಾರಿ ಜಾಗ ಇಲ್ಲ ಅಂದರೆ ಗೋಮಾಳದ ಸರ್ವೆ ನಂಬರ್ ಹೇಳಿ, ಈಗ ಅಲ್ಲಿ ಯಾರಿದ್ದಾರೆ ಅಂತ ಕೇಳಿ. ನಮಸ್ಕಾರ.