ಹೆಬ್ಬೆಟ್ಟು ವಾಪಸ್ ಬಂದಿದೆ!

(ದೃಶ್ಯ: ಆಲೂರು ಕಡೆಯ ಒಂದು ರೇಷನ್ ಅಂಗಡಿ. ಬೆರಳಿಡುವ ಯಂತ್ರ, ಅದರ ಮೇಲೆ ಅಜ್ಜಿಯೊಬ್ಬರ ಹೆಬ್ಬೆರಳು.)

ನಮಸ್ಕಾರ. ಬೇಲೂರಿನ ವೀಕ್ಷಕರೊಬ್ಬರು ಕೇಳಿದ್ದಾರೆ: "ಕೋಟಿಗಟ್ಟಲೆ ಜನಕ್ಕೆ ಡಿಜಿಟಲ್ ತರಬೇತಿ ಆಯ್ತು ಅಂತಾರೆ. ಹಾಗಾದ್ರೆ ನಮ್ಮಮ್ಮ ಓಟಿಪಿ ಬಂದ ತಕ್ಷಣ ಪಕ್ಕದ ಮನೆ ಹುಡುಗನ ಕೈಗೆ ಫೋನ್ ಯಾಕೆ ಕೊಡ್ತಾರೆ?"

ಒಳ್ಳೆ ಪ್ರಶ್ನೆ. ಮೊದಲು ಗೊತ್ತಿರಬೇಕಾದ್ದನ್ನ ಓಡಿಸಿಬಿಡ್ತೀನಿ. 2015ರಲ್ಲಿ ಡಿಜಿಟಲ್ ಇಂಡಿಯಾ. 2017ರಲ್ಲಿ ಹಳ್ಳಿಗಳಿಗೆ ಅಂತಲೇ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ. 20 ಗಂಟೆ ಪಾಠ, ಕೊನೆಗೊಂದು ಪರೀಕ್ಷೆ. ಗುರಿ 6 ಕೋಟಿ ಜನ. 2024ರ ಮಾರ್ಚ್‌ನಲ್ಲಿ ಮುಗಿಯುವ ಹೊತ್ತಿಗೆ ತರಬೇತಿ ಪಡೆದವರು 6.39 ಕೋಟಿ. ಗುರಿ ದಾಟಿತು, ಚಪ್ಪಾಳೆ, ಮುಂದಕ್ಕೆ.

ನನ್ನ ತಲೆಯಲ್ಲಿ ಕೂತಿರೋದು ಹೆಬ್ಬೆಟ್ಟು.

ಓದು ಬಾರದವರನ್ನ ನಮ್ಮ ಕಡೆ ಏನಂತ ಕರೀತಿದ್ದರು? ಹೆಬ್ಬೆಟ್ಟು ಅಂತ. ಅದೊಂದು ಬೈಗುಳವೇ ಆಗಿತ್ತು, ಅಲ್ವಾ? 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ಊರೂರಲ್ಲಿ ರಾತ್ರಿ ಪಾಠ ನಡೆಯಿತು. ನಮ್ಮಜ್ಜಿ ಕಾಫಿ ತೋಟದ ಕೆಲಸ ಮುಗಿಸಿ ಬಂದು, ಸ್ಲೇಟು ಹಿಡಿದು ಸಹಿ ಕಲಿತವರು. ಆಮೇಲೆ ಬ್ಯಾಂಕಿಗೆ ಹೋದಾಗ ಗುಮಾಸ್ತರು ಅಭ್ಯಾಸಬಲದಿಂದ ಮಸಿ ಪ್ಯಾಡು ಮುಂದಿಟ್ಟರಂತೆ. ಅಜ್ಜಿ ಅದನ್ನ ವಾಪಸ್ ತಳ್ಳಿ, "ಪೆನ್ನು ಕೊಡಿ" ಅಂದರಂತೆ. ಈ ಕಥೆ ನಮ್ಮ ಮನೇಲಿ ವರ್ಷಕ್ಕೆ ನಾಲ್ಕು ಸಲ ಆಗುತ್ತೆ. ಪ್ರತಿ ಸಲ ಪ್ಯಾಡು ಇನ್ನಷ್ಟು ದೂರಕ್ಕೆ ಹೋಗುತ್ತೆ.

ಈಗ ನೋಡಿ. ರೇಷನ್‌ಗೆ ಹೆಬ್ಬೆಟ್ಟು. ಸಿಮ್ಮಿಗೆ ಹೆಬ್ಬೆಟ್ಟು. ಎಂಜಿನಿಯರ್ ಆದರೂ ಹೆಬ್ಬೆಟ್ಟು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹಳೇ ಮಸಿ ಪ್ಯಾಡು ಯಾರ ಹೆಬ್ಬೆಟ್ಟನ್ನೂ ಒಲ್ಲೆ ಅಂತಿರಲಿಲ್ಲ. ಈ ಯಂತ್ರ ಅನ್ನುತ್ತೆ.

ಯಂತ್ರ ನೋಡೋದು ಬೆರಳಿನ ಗೆರೆ ಎಲ್ಲಿ ನಿಲ್ಲುತ್ತೆ, ಎಲ್ಲಿ ಕವಲಾಗುತ್ತೆ ಅನ್ನೋದನ್ನ. ವರ್ಷಗಟ್ಟಲೆ ಕಾಫಿ ಕುಯ್ದು, ಕತ್ತಿ ಹಿಡಿದ ಕೈಯಲ್ಲಿ ಗೆರೆ ಸವೆದಿರುತ್ತೆ. ವಯಸ್ಸಾದಂತೆ ಚರ್ಮ ಬೇರೆ ಒಣಗುತ್ತೆ. ಒಂದು ಸಲ ಅಜ್ಜಿ ಜೊತೆ ನಾನೂ ಹೋಗಿದ್ದೆ. ಹೆಬ್ಬೆಟ್ಟು ಇಟ್ಟರು, ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟರು, ಕೆಂಪು. "ತಲೆಗೆ ಸ್ವಲ್ಪ ಉಜ್ಜಿ ಇಡಿ ಅಜ್ಜಿ" ಅಂದರು ಅಂಗಡಿಯವರು. ತಲೆಯ ಕೊಬ್ಬರಿ ಎಣ್ಣೆ ಬೆರಳಿಗೆ ಹತ್ತಿದರೆ ಯಂತ್ರ ಒಪ್ಪಬಹುದು ಅಂತ ಅವರ ಲೆಕ್ಕ. ಒಪ್ಪಲಿಲ್ಲ.

"ಇನ್ನೊಂದು ಬೆರಳು ಇಡಿ."

"ಇರೋದೇ ಹತ್ತು ಕಣಪ್ಪ."

ಕೊನೆಗೆ ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ ಬಂತು. ಈಗ ಮನೇಲಿ ಅದಕ್ಕೆ 'ರೇಷನ್ ಬೆರಳು' ಅಂತಲೇ ಹೆಸರು. ಪಾತ್ರೆ ತಿಕ್ಕುವಾಗ ಅದೊಂದನ್ನ ಜೋಪಾನ ಮಾಡ್ತಾರೆ.

ಬೆರಳು ಕೂರದಿದ್ದರೆ ಬೇರೆ ದಾರಿ ಕೊಡಿ ಅಂತ ಆಧಾರ್ ಪ್ರಾಧಿಕಾರ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಆ ದಾರಿಗಳಲ್ಲಿ ಒಂದು ಯಾವುದು ಗೊತ್ತಾ? ಓಟಿಪಿ! ತಿರುಗಿ ಪಕ್ಕದ ಮನೆ ಹುಡುಗನ ಹತ್ತಿರಕ್ಕೇ ಬಂದ್ವಿ.

ಅಜ್ಜಿಗೆ ಆ 20 ಗಂಟೆ ಪಾಠ ಸಿಗಲಿಲ್ವಾ ಅಂದರೆ, ಸಿಗುವ ಹಾಗೇ ಇರಲಿಲ್ಲ. ನಿಯಮದ ಪ್ರಕಾರ ಮನೆಗೆ ಒಬ್ಬರು, ವಯಸ್ಸು 14ರಿಂದ 60. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಬೇಕಾದರೆ 65 ಆಗಿರಬೇಕು. ಅಂದರೆ ಪಿಂಚಣಿ ದುಡ್ಡು ಬಂದಿದೆಯಾ ಅಂತ ಫೋನಲ್ಲಿ ನೋಡಬೇಕಾದವರು ಒಬ್ಬರೂ ಆ ಕ್ಲಾಸಿಗೆ ಸೇರುವ ಹಾಗಿರಲಿಲ್ಲ. ಮನೆಗೊಬ್ಬರು ಅಂದಾಗ ಹೋಗೋದು ಯಾರು? ಫೋನ್ ಆಗಲೇ ಬರುವ ಮೊಮ್ಮಗ. ನಾನೇ ಅನ್ನಿ.

ಎಡಿಟರ್ ಗಡಿಯಾರ ತೋರಿಸ್ತಿದ್ದಾರೆ, ಉಳಿದದ್ದು ಬೇಗ ಬೇಗ. ಕೇರಳ ವಯಸ್ಸಿನ ಈ ಗೆರೆಯನ್ನೇ ಅಳಿಸಿತು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯ್ತಿಯಲ್ಲಿ ನರೇಗಾ ಕೆಲಸದ ಜಾಗಕ್ಕೇ ಹೋಗಿ ಪಾಠ ಮಾಡಿದರು. ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಸರಿಹೋಗೋದು ಇಂಥದ್ದೇ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ಊರಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರ ಬಂತು, ಹಾಸನಕ್ಕೆ ಓಡಾಡೋದು ತಪ್ಪಿತು, ಒಳ್ಳೆಯದೇ. ಆದರೆ ಅಲ್ಲಿ ಬಟನ್ ಒತ್ತೋದು ಕೇಂದ್ರದವರು, ನಾವಲ್ಲ. ಇನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಅಂದಿದೆ. ಕೋರ್ಟಿಗೆ ಹೋದವರು ಆಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು. ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಮಾಡುವಾಗ ಫೋನು "ಕಣ್ಣು ಮಿಟುಕಿಸಿ" ಅಂದರೆ ಅವರೇನು ಮಾಡಬೇಕು? ನೆಟ್‌ವರ್ಕ್ ವಿಷಯ ಕೇಳಲೇಬೇಡಿ. ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನ ನೋಡಿಕೊಳ್ಳುತ್ತೆ. ಸಕಲೇಶಪುರದ ಆಚೆ ಕೆಲವು ತೋಟಗಳಲ್ಲಿ ಒಂದು ಓಟಿಪಿಗೆ ದಿಣ್ಣೆ ಹತ್ತಬೇಕು.

ಅಂದಹಾಗೆ, ಅಜ್ಜಿಗೆ ಈಗ ಓಟಿಪಿ ಓದೋಕೆ ನಾನೇ ಕಲಿಸಿದ್ದೀನಿ. ಆರು ಅಂಕಿ, ಒಂದೊಂದಾಗಿ. ಜೊತೆಗೆ ಇದನ್ನ ಯಾರಿಗೂ ಹೇಳಬೇಡಿ ಅಂತಲೂ ಹತ್ತು ಸಲ ಹೇಳಿದ್ದೆ. ಮೊನ್ನೆ ರೇಷನ್ ಬೆರಳೂ ಕೈಕೊಟ್ಟಿತು. ಅಂಗಡಿಯವರು ಓಟಿಪಿ ಕೇಳಿದರು. ಅಜ್ಜಿ ಫೋನನ್ನ ಸೆರಗಿನಲ್ಲಿ ಮುಚ್ಚಿಕೊಂಡು, "ಯಾರ್‌ಗೂ ಹೇಳ್ಬ್ಯಾಡ ಅಂತ ನನ್ ಮೊಮ್ಮಗ ಹೇಳವ್ನೆ" ಅಂತ ಕೂತುಬಿಟ್ಟರಂತೆ. ಹಿಂದೆ ಹನ್ನೆರಡು ಜನರ ಸಾಲು.