ಬಾಣಕ್ಕಿಂತ ಮೊದಲು ಸದ್ದು ತಲುಪುತ್ತೆ! ಬಿಲ್ಲಿನ ಹೆದೆ ಆರಿಸೋ ಲೆಕ್ಕ

(ಕಪ್ಪು ಪರದೆ. ಹೆದೆ ಬಿಟ್ಟ ಸದ್ದು: ಠಣ್!)

ಈ ಠೇಂಕಾರ ಯಕ್ಷಗಾನದ ಅರ್ಜುನನಿಗೆ ಶೋಭೆ. ಬೇಟೆ ಬಿಲ್ಲಿಗೆ ಶುದ್ಧ ನಷ್ಟ.

ನಮಸ್ಕಾರ, ಪುಣೆಯಿಂದ. ಪಿಂಪ್ರಿಯ ವೀಕ್ಷಕರೊಬ್ಬರ ಪ್ರಶ್ನೆ: "ಸರ್, ಫಾಸ್ಟ್ ಫ್ಲೈಟ್ ಹೆದೆಯಲ್ಲಿ ವೇಗ ಜಾಸ್ತಿ ಅಂತಾರೆ. ಮತ್ತೆ ಬೇಟೆಗಾರರು ಆ ಹಳೇ ಡೇಕ್ರಾನನ್ನೇ ಯಾಕೆ ಹಿಡಕೊಂಡಿದ್ದಾರೆ?"

ಎರಡೂ ಹೆದೆ ಮಾಡೋ ನೂಲಿನ ಹೆಸರು: ಡೇಕ್ರಾನ್ ಪಾಲಿಯೆಸ್ಟರ್, ಫಾಸ್ಟ್ ಫ್ಲೈಟ್ ಅಷ್ಟಾಗಿ ಹಿಗ್ಗದ ಹೊಸ ನೂಲು. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಸಿಂಹಗಡದ ಬುಡದಲ್ಲಿ ಮೊಲ ಕಂಡರೆ ಕೈಮುಗಿದು ಮುಂದೆ ನಡೀರಿ. ನಮ್ಮ ಗುರಿ ರೇಂಜಿನ ಫೋಮ್ ಜಿಂಕೆ ಅಷ್ಟೇ. ಸೊಸೈಟಿ ಪಾರ್ಕಿಂಗ್ ರೇಂಜ್ ಅಲ್ಲ! ಲೈಸೆನ್ಸ್ ತಗೊಂಡು ಬಿಲ್ಲುಬೇಟೆ ಆಡೋ ಅಮೆರಿಕದಂಥ ಕಡೆಯವರಿಗೆ ಮಾತ್ರ ಇದು ನಿಜವಾದ ಜಿಂಕೆಯ ಲೆಕ್ಕ.

ರಿಕರ್ವ್ ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು, ಎಳೆತ ಅಂದರೆ ಅದನ್ನು ಪೂರ್ತಿ ಎಳೆಯೋಕೆ ಬೇಕಾದ ಬಲ. ಇವತ್ತಿನ ಬಿಲ್ಲು ರಿಕರ್ವ್: ಉದ್ದ 60 ಇಂಚು, ಎಳೆತ 45 ಪೌಂಡ್.

(ಪರದೆ ಮೇಲೆ: 20 ಗಜ = 18.3 ಮೀಟರ್)

ಬಾಣದ ವೇಗ ಸೆಕೆಂಡಿಗೆ 180 ಅಡಿ. 20 ಗಜ ದಾಟೋಕೆ 0.33 ಸೆಕೆಂಡ್ ಬೇಕು. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತೆ, ಅದಕ್ಕೆ 0.05 ಸಾಕು. ಬಾಣ ಇನ್ನೂ ದಾರಿಯಲ್ಲಿರುವಾಗಲೇ ಜಿಂಕೆಗೆ 0.28 ಸೆಕೆಂಡ್ ಮುನ್ಸೂಚನೆ. ದಶರಥ ಸದ್ದು ಕೇಳಿ ಬಾಣ ಬಿಟ್ಟ, ಇಲ್ಲಿ ಜಿಂಕೆ ಸದ್ದು ಕೇಳಿ ಬಾಣ ತಪ್ಪಿಸಿಕೊಳ್ಳುತ್ತೆ. ಬೆಚ್ಚಿದ ಜಿಂಕೆ ಓಡೋಕೆ ಮುಂಚೆ ಕಾಲು ಮಡಚಿ ಮೈ ತಗ್ಗಿಸುತ್ತೆ. ಬೆಚ್ಚೋದರಲ್ಲೇ 0.1 ಸೆಕೆಂಡ್ ಕಳೀತು ಅಂದುಕೊಳ್ಳಿ. ಉಳಿದದ್ದರಲ್ಲಿ ಮೈ ಸುಮ್ಮನೆ ಕೆಳಗೆ ಬಿದ್ದರೂ 16 ಸೆಂಟಿಮೀಟರ್ ಇಳಿದಿರುತ್ತೆ.

ಈಗ ಹೆದೆ ಬದಲಿಸಿ 10 ಅಡಿ ವೇಗ ಗಳಿಸಿದಿರಿ ಅನ್ನೋಣ. ಅದೇ ಇಳಿತ 13 ಸೆಂಟಿಮೀಟರ್. ಖರ್ಚು ಮಾಡಿ ಸಿಕ್ಕಿದ್ದು ಮೂರು ಸೆಂಟಿಮೀಟರ್! ಜಿಂಕೆ ಬೆಚ್ಚದಿದ್ದರೆ ಇಳಿತವೇ ಇಲ್ಲ.

ಹಾಗಾಗಿ ಡೇಕ್ರಾನ್ ಬಿ-50, 14 ಎಳೆ, ಫ್ಲೆಮಿಶ್ ಹುರಿ. ಹಗ್ಗ ಹೊಸೆದ ಹಾಗೆ ಹೊಸೆದದ್ದು. ಡೇಕ್ರಾನ್ ಸ್ವಲ್ಪ ಹಿಗ್ಗಿ ಕೊನೆಯ ಜರ್ಕನ್ನು ನುಂಗಿಕೊಳ್ಳುತ್ತೆ. ಫಾಸ್ಟ್ ಫ್ಲೈಟ್ ಅಷ್ಟಾಗಿ ಹಿಗ್ಗೋದಿಲ್ಲ, ಆ ಪೆಟ್ಟು ಸೀದಾ ಬಿಲ್ಲಿನ ತುದಿಗೆ. ತುದಿ ಗಟ್ಟಿಮಾಡದ ಹಳೇ ಬಿಲ್ಲಿಗೆ ಅದನ್ನು ಹಾಕಿದರೆ ತುದಿ ಸೀಳಿಹೋಗಬಹುದು. ಬಿಲ್ಲು ಹೊಸದು, ವೇಗವೂ ಬೇಕು ಅಂದರೆ ಫಾಸ್ಟ್ ಫ್ಲೈಟ್ ಥರದ್ದೇ ನೂಲು ಡಿ-97, 16ರಿಂದ 18 ಎಳೆ. ತೆಳ್ಳಗೆ ಹತ್ತು ಎಳೆ ಬೇಡ. ಹೆದೆ ದಪ್ಪ ಆದಷ್ಟೂ ಸ್ವರ ಇಳಿಯುತ್ತೆ. ತಂಬೂರಿಯಲ್ಲಿ ಮಂದ್ರದ ತಂತಿಯೇ ದಪ್ಪ ಅಲ್ವಾ?

ತಂಬೂರಿ ಬಂತು ನೋಡಿ, ಇಲ್ಲಿ ಸ್ವಲ್ಪ ಕೂರೋಣ. ಗದಗಿನ ಭೀಮಸೇನ ಜೋಶಿಯವರು ಮನೆ ಮಾಡಿದ ಊರಿದು, ಮೀರಜ್ ತಂಬೂರಿಯೂ ಇದೇ ರಾಜ್ಯದ್ದು. ತಂತಿಯನ್ನು ಸರಿಯಾಗಿ ಮೂರನೇ ಒಂದು ಭಾಗದಲ್ಲಿ ಬೆರಳು ತಾಗಿಸಿ ಮೀಟಿ. ತಂತಿ ಸಾಯೋದಿಲ್ಲ, ಸಣ್ಣಗೆ ಮೇಲಿನ ಸ್ವರವೊಂದು ಉಳಿಯುತ್ತೆ. ತಂತಿ ಮೂರು ತುಂಡಾಗಿ ಕುಣಿಯುವಾಗ ಬೆರಳಿದ್ದ ಜಾಗ ಅಲ್ಲಾಡೋದೇ ಇಲ್ಲ. ಅಲ್ಲಾಡದ ಜಾಗದಲ್ಲಿ ಕೂತವನು ಏನನ್ನು ನಿಲ್ಲಿಸಿಯಾನು?

ಹೆದೆಗೂ ಅದೇ ನಿಯಮ. ಸೈಲೆನ್ಸರ್ ಅಂದರೆ ಸದ್ದು ತಗ್ಗಿಸೋಕೆ ಹೆದೆಗೆ ಕಟ್ಟೋ ಕುಚ್ಚು. ಎರಡನ್ನೂ ಮೂರನೇ ಒಂದರಲ್ಲೇ ಕಟ್ಟಿದರೆ ಮೂರು ತುಂಡಾಗಿ ಕುಣಿಯೋ ಆ ಸ್ವರ ಇಬ್ಬರ ಮಧ್ಯೆ ನುಸುಳಿಹೋಗುತ್ತೆ. ಸರಿಸಮ ಕಟ್ಟೋದು ನೋಡೋಕೆ ಚೆಂದ, ಕೇಳೋಕೆ ಅಲ್ಲ. ಮೇಲಿನದು ಮೂರನೇ ಒಂದಕ್ಕೆ, ಕೆಳಗಿನದು ಕೆಳತುದಿಯಿಂದ ನಾಲ್ಕನೇ ಒಂದಕ್ಕೆ. ಹೆದೆ ಬಿಲ್ಲಿಗಿಂತ 4 ಇಂಚು ಗಿಡ್ಡ, ನಮ್ಮ ಆ 56 ಇಂಚಿನ ಹೆದೆಯಲ್ಲಿ ಸುಮಾರು 18.7 ಮತ್ತು 14 ಇಂಚು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡೀತಾನೆ. 12 ತುಂಡಾಗಿ ಕುಣಿಯೋ ಸ್ವರ ಇಬ್ಬರ ಕೈಗೂ ಸಿಗೋದಿಲ್ಲ. ಹೋಗಲಿ ಬಿಡಿ, ಅದರಲ್ಲಿ ಶಕ್ತಿಯೂ ಇರೋದಿಲ್ಲ.

ಸೈಲೆನ್ಸರ್ ಉಣ್ಣೆಯದೋ ರಬ್ಬರಿನದೋ? ಪುಣೆ ಮಳೆಯಲ್ಲಿ ಉಣ್ಣೆ ನೀರು ಕುಡಿದು ಭಾರ ಆಗುತ್ತೆ, ಬಾಣ ನಿಧಾನ ಆಗಿ ಕೆಳಗೆ ಬೀಳುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಬ್ಬರ್ ಎಳೆಗಳೇ ವಾಸಿ. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತೆ, ಬೇಸಿಗೆಯಲ್ಲಿ ಕಣ್ಣಿಡಿ.

ಇನ್ನು ಬ್ರೇಸ್ ಹೈಟ್, ಅಂದರೆ ಹಿಡಿಯ ಆಳದಿಂದ ಹೆದೆವರೆಗಿನ ದೂರ. ಹೊಸ ಡೇಕ್ರಾನ್ ಹಿಗ್ಗುತ್ತೆ, ಮೊದಲು 50 ಬಾಣ ಬಿಟ್ಟು ಆಮೇಲೆ ಅಳೆಯಿರಿ. 7.5 ಇಂಚಿನಿಂದ ಶುರು. ಹೆದೆ ಇಳಿಸಿ, ಒಂದು ಕುಣಿಕೆ ಬಿಚ್ಚಿ, ಹುರಿಯ ದಿಕ್ಕಿಗೇ ಮೂರ್ನಾಲ್ಕು ಸುತ್ತು ತಿರುವಿ. ಹೆದೆ ಗಿಡ್ಡ ಆಗಿ ಬ್ರೇಸ್ ಹೈಟ್ ಏರುತ್ತೆ. ಉಲ್ಟಾ ತಿರುವಿದರೆ ಹುರಿ ಬಿಚ್ಚಿಕೊಳ್ಳುತ್ತೆ. ಪ್ರತಿ ಸಲ ಮೂರು ಬಾಣ ಬಿಟ್ಟು ಕೇಳಿ. ಸದ್ದು "ಠಣ್"ನಿಂದ "ಧಪ್"ಗೆ ಇಳಿಯೋ ಒಂದು ಜಾಗ ಸಿಗುತ್ತೆ, ಅಲ್ಲೇ ನಿಲ್ಲಿ. 8.25 ದಾಟಬೇಡಿ.

(ಪರದೆ ಮೂಲೆಯಲ್ಲಿ ಟೈಮರ್ ಕೆಂಪಾಗುತ್ತೆ)

ಎಡಿಟರ್ ಕೈ ತೋರಿಸ್ತಿದ್ದಾರೆ, ಉಳಿದದ್ದು ಒಂದೇ ಉಸಿರಲ್ಲಿ. ಬಾಣದ ತೂಕ 450 ಗ್ರೇನ್ (ಸುಮಾರು 29 ಗ್ರಾಂ) ಸುತ್ತ ಇರಲಿ, ಅಂದರೆ ಎಳೆತದ ಪೌಂಡಿಗೆ 10 ಗ್ರೇನ್. ಹಗುರ ಬಾಣ ತಗೊಳ್ಳದ ಶಕ್ತಿಯೆಲ್ಲ ಬಿಲ್ಲಲ್ಲೇ ಉಳಿದು ನಡುಕ, ಸದ್ದು ಆಗುತ್ತೆ. ಹೆದೆ ಬಿಲ್ಲಿನ ತೋಳಿಗೆ ತಾಗುವಲ್ಲಿ ತೆಳು ಫೆಲ್ಟ್ ಪಟ್ಟಿ ಅಂಟಿಸಿ. ತುದಿಗೆ ಗಾಲಿ ಇರೋ ಕಾಂಪೌಂಡ್ ಬಿಲ್ಲಿನವರು ಪ್ರೆಸ್ (ಬಿಲ್ಲಿನ ತೋಳನ್ನು ಒತ್ತಿ ಹಿಡಿಯೋ ಯಂತ್ರ) ಇಲ್ಲದೆ ಹೆದೆ ಬಿಚ್ಚೋಕೆ ಹೋಗಬೇಡಿ, ನಿಮಗೆ ಬೇರೆ ವಿಡಿಯೋ ಬೇಕು. ಕೊನೆಗೆ ನಾಕ್, ಅಂದರೆ ಬಾಣದ ಹಿಂತುದಿಯಲ್ಲಿ ಹೆದೆ ಕೂರೋ ಸೀಳು. ಬಾಣವನ್ನು ಹೆದೆಗೆ ಸಿಕ್ಕಿಸಿ ನೆಲದ ಕಡೆ ತೂಗುಬಿಡಿ, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬಿದ್ದರೆ ಸರಿ. ತಟ್ಟುವ ಮೊದಲೇ ಬಿದ್ದರೆ ಸಡಿಲ, ನಾಲ್ಕು ಸಲ ತಟ್ಟಿದರೂ ಬೀಳದಿದ್ದರೆ ಬಿಗಿ. ಆ ಬಿಗಿ ನಾಕೇ ಪ್ರತಿ ಸಲ "ಟಕ್" ಅಂತಿದ್ದದ್ದು, ಪಾಪ, ಹೆದೆಯದ್ದೇನೂ ತಪ್ಪಿರಲಿಲ್ಲ.