ಕೆರೆಯೋ ಮೊದಲು ಪದರ ಓದಿ: ಹಳೇ ಸ್ಪೋರ್ಟ್ಸ್ ಕಾರಿನ ಒರಿಜಿನಲ್ ಅಂಡರ್‌ಕೋಟಿಂಗ್

ಹಳೇ ಸ್ಪೋರ್ಟ್ಸ್ ಕಾರು ಲಿಫ್ಟ್ ಮೇಲೆ ಏರಿದ ತಕ್ಷಣ ಸ್ಕ್ರೇಪರ್‌ಗೆ ಕೈ ಹಾಕ್ಬೇಡಿ. ಮೊದಲು ಟಾರ್ಚ್ ತಗೊಳ್ಳಿ. ಫ್ಲೋರ್ ಕೆಳಗೆ ಕಾಣೋ ಆ ಒರಟು ಪದರ, ಅಂದ್ರೆ ತುಕ್ಕು, ಕಲ್ಲೇಟು ತಡೆಯೋ ಅಂಡರ್‌ಕೋಟಿಂಗ್, ಕಾರ್ಖಾನೆಯಿಂದಲೇ ಬಂದಿದ್ದಾ, ಆಮೇಲೆ ಯಾರಾದ್ರೂ ಹೊಡೆದಿದ್ದಾ ಅನ್ನೋದು ಗೊತ್ತಾಗೋವರೆಗೂ ಒಂದು ಚೂರೂ ಕೆರೆಯೋ ಹಾಗಿಲ್ಲ. ಕೆಳಗಿನ ಒರಿಜಿನಲ್ ಪದರ ಒಂದ್ಸಲ ಹೋಯ್ತು ಅಂದ್ರೆ, ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ತಿತ್ತು ಅನ್ನೋದಕ್ಕೆ ಸಾಕ್ಷಿನೇ ಇರಲ್ಲ.

ಸಾಮಾನ್ಯವಾಗಿ ಸಿಗೋದು ಮೂರು ಥರ: ಡಾಂಬರು, ಪಿವಿಸಿ, ಮೇಣ. ಪಿವಿಸಿದು ಸ್ವಲ್ಪ ವಿವರವಾಗಿ ನೋಡೋಣ, ಯಾಕಂದ್ರೆ ಇಡೀ ಲೆಕ್ಕ ಅದರ ಮೇಲೇ ನಿಂತಿದೆ. ಪಿವಿಸಿ ಪುಡಿಯನ್ನ ಪ್ಲಾಸ್ಟಿಸೈಸರ್‌ನಲ್ಲಿ (ಪ್ಲಾಸ್ಟಿಕ್ ಮೆದುವಾಗಿಡೋ ದ್ರವ) ಕಲಸಿ, ಸುಣ್ಣದಕಲ್ಲಿನ ಪುಡಿ ಸೇರಿಸಿದ ಗಟ್ಟಿ ಪೇಸ್ಟ್ ಅದು. ಹೊಡೆದು ಬಿಟ್ರೆ ತಾನಾಗಿ ಗಟ್ಟಿಯಾಗಲ್ಲ. ಓವನ್‌ನಲ್ಲಿ ಸುಮಾರು 130ರಿಂದ 160 ಡಿಗ್ರಿ ಶಾಖ ತಾಗಿದಾಗಲೇ ರಬ್ಬರ್ ಥರ ಆಗೋದು. ಓವನ್ ಬೇಕು ಅಂದ್ಮೇಲೆ ಅದನ್ನ ಖಾಲಿ ಶೆಲ್‌ಗೇ, ಅಂದ್ರೆ ಏನೂ ಜೋಡಿಸದ ಬರೀ ಬಾಡಿಗೇ ಹೊಡೀಬೇಕು: ಪ್ರೈಮರ್ ಆದ್ಮೇಲೆ, ಬಣ್ಣಕ್ಕೆ ಮುಂಚೆ. ಹಾಗಾಗಿ ಪಿವಿಸಿ ಬಣ್ಣದ ಅಡಿಯಲ್ಲಿರುತ್ತೆ. ಡಾಂಬರಿಂದು ಇದಕ್ಕೆ ತದ್ವಿರುದ್ಧ. ಅದರ ಮೇಲೆ ಬಣ್ಣ ಹೊಡೆದ್ರೆ ಕಂದು ಕಲೆ ಮೇಲಕ್ಕೆ ಬರುತ್ತೆ, ಆದ್ದರಿಂದ ಅದು ಬಣ್ಣದ ಮೇಲೆ ಕೂತಿರುತ್ತೆ.

ಈಗ ಬ್ರೇಕ್ ಪೈಪ್, ಬೋಲ್ಟ್ ತಲೆ, ಎಕ್ಸಾಸ್ಟ್ ಬ್ರಾಕೆಟ್ ನೋಡಿ. ಇವು ಜೋಡಣೆಯಾಗೋದು ಕೊನೆಗೆ. ಇವುಗಳ ಮೇಲೂ ದಪ್ಪ ಕಪ್ಪು ಪದರ ಬಳಿದುಕೊಂಡಿದ್ರೆ ಅದು ಶೋರೂಮ್‌ನಲ್ಲೋ ವರ್ಕ್‌ಶಾಪ್‌ನಲ್ಲೋ ಹೊಡೆದಿದ್ದು. ಪೈಪ್ ಕ್ಲೀನಾಗಿದ್ದು, ಅದರ ಹಿಂದಿನ ಜಾಗದಲ್ಲೂ ಪದರ ಒಂದೇ ಸಮ ಇದ್ರೆ ಕಾರ್ಖಾನೆಯದ್ದು. ಒಂದೇ ಎಚ್ಚರ: ರಕ್ಷಣೆಯ ಮೇಣವನ್ನ ಎಷ್ಟೋ ಕಂಪನಿಗಳು ಜೋಡಣೆ ಮುಗಿದ ಮೇಲೇ ಹೊಡೀತಿದ್ವು. ಜೇನಿನ ಬಣ್ಣದ ತೆಳು ಮೇಣ ಪೈಪ್ ಮೇಲೆ ಸಿಕ್ಕಿದ ಮಾತ್ರಕ್ಕೆ ಅದು ನಕಲಿ ಅಲ್ಲ.

ಪ್ರತಿ ಕಾರಿಗೂ ಒಂದೊಂದು ಪದ್ಧತಿ. ಪೋರ್ಶೆ 911 ತಗೊಳ್ಳಿ. 1976ರ ಮಾಡೆಲ್‌ನಿಂದ ಶೆಲ್‌ಗೆ ಎರಡೂ ಬದಿ ಸತು ಲೇಪಿಸಿದ ಉಕ್ಕು ಬಂತು, ತುಕ್ಕಿನಿಂದ ತೂತು ಬೀಳಲ್ಲ ಅಂತ 6 ವರ್ಷದ ವಾರಂಟಿನೂ ಬಂತು. ಅಂಥ ಶೆಲ್‌ನಲ್ಲಿ ಅಂಡರ್‌ಕೋಟಿಂಗ್ ಕೆರೆಯುವಾಗ ಅದರ ಜೊತೆ ಸತುವೂ ಹೋಗುತ್ತೆ, ಅದು ಇನ್ನೂ ದೊಡ್ಡ ನಷ್ಟ. ಫೋರ್ಡ್ ಮಸ್ಟಾಂಗ್‌ನ ಮೊದಲ ವರ್ಷಗಳಲ್ಲಿ ಫ್ಲೋರ್ ಬಹುಪಾಲು ಬರೀ ಪ್ರೈಮರ್: ಕೆಂಪು ಆಕ್ಸೈಡ್ ಇಲ್ಲಾ ಬೂದು. ಅಂಚಿನ ಉದ್ದಕ್ಕೂ ಬಾಡಿ ಬಣ್ಣದ ಮಬ್ಬು ಸಿಂಚನ, ಅಂದ್ರೆ ಓವರ್‌ಸ್ಪ್ರೇ, ಒಳಗೆ ಹೋಗ್ತಾ ಹೋಗ್ತಾ ತೆಳುವಾಗುತ್ತೆ. ಇಡೀ ಫ್ಲೋರ್ ಹೊಳೆಯೋ ಕಪ್ಪು ಮಾಡಿದ ಮಸ್ಟಾಂಗ್ ಎಷ್ಟೇ ಚೆಂದ ಕಂಡ್ರೂ ಅದು ತಪ್ಪು. 1970ರ ಡಾಡ್ಜ್ ಚಾಲೆಂಜರ್, ಪ್ಲಿಮತ್ ಬಾರಕುಡಾದಲ್ಲಿ ಅಂಡರ್‌ಕೋಟಿಂಗ್ ಆಪ್ಷನ್ ಆಗಿತ್ತು, ಕೋಡ್ ಜೆ55. ಫೆಂಡರ್ ಟ್ಯಾಗ್ (ಆಪ್ಷನ್ ಕೋಡ್‌ಗಳನ್ನ ಒತ್ತಿದ ಪುಟ್ಟ ತಗಡು) ಮೇಲೆ ಜೆ55 ಇದ್ದು ಕೆಳಗೆ ಪದರ ಇದ್ರೆ ಕಾರು ತನ್ನ ಕಥೆ ತಾನೇ ಹೇಳ್ತಿದೆ. ಡಾಟ್ಸನ್ 240ಜೆಡ್‌ನ ಕೆಳಭಾಗ ಬಾಡಿ ಬಣ್ಣದ್ದು. ಅದರ ಮೇಲಿನ ದಪ್ಪ ಡಾಂಬರು ಸಾಮಾನ್ಯವಾಗಿ ಮಾರಾಟದ ವೇಳೆ ಡೀಲರ್ ಹೊಡೆದಿದ್ದು.

ವಸ್ತು ಯಾವುದು ಅಂತ ತಿಳಿಯೋಕೆ ಬಿಳಿ ಬಟ್ಟೆಗೆ ಮಿನರಲ್ ಟರ್ಪೆಂಟೈನ್ ಹಾಕಿ ಅರ್ಧ ನಿಮಿಷ ಉಜ್ಜಿ. ಬಟ್ಟೆ ಕಪ್ಪು–ಕಂದು ಆದ್ರೆ ಡಾಂಬರು. ಹಳದಿ ಜಿಡ್ಡು ಬಂದ್ರೆ ಮೇಣ. ಕೊಳೆ ಬಿಟ್ಟು ಬೇರೇನೂ ಬರದಿದ್ರೆ ಬಹುಶಃ ಪಿವಿಸಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದ್ರೆ ಬಿಟ್ಟುಬಿಡಿ. ಟೊಳ್ಳು ಸದ್ದು ಬಂದಲ್ಲಿ ಚಾಕ್‌ನಿಂದ ಗುರುತು ಹಾಕಿ. ಪಿವಿಸಿ ವಯಸ್ಸಾದಂತೆ ಪ್ಲಾಸ್ಟಿಸೈಸರ್ ಕಳ್ಕೊಂಡು ಬಿರುಸಾಗುತ್ತೆ, ಕಲ್ಲೇಟು ಬಿದ್ದಲ್ಲಿ ಸೀಳುತ್ತೆ. ಆ ಸೀಳಿನಿಂದ ನುಗ್ಗಿದ ಉಪ್ಪುನೀರು ಅಡಿಯಲ್ಲೇ ಹರಡುತ್ತೆ. ಹೊರಗೆ ಪದರ ಇಡಿಯಾಗಿ ಕಾಣ್ತಿರುತ್ತೆ, ಒಳಗೆ ತಗಡು ಹೋಗಿರುತ್ತೆ.

ಪದರ ತೆಗೆಯೋ ಮೊದಲು ಫೋಟೋ. ಅಳತೆ ಟೇಪ್ ಪಕ್ಕದಲ್ಲಿಟ್ಟು, ಬೆಳಕು ಒಂದು ಬದಿಯಿಂದ ಬೀಳೋ ಹಾಗೆ ತೆಗೀರಿ. ಅಡ್ಡ ಬೆಳಕಿದ್ರೇ ಟೆಕ್ಸ್ಚರ್ ಎದ್ದು ಕಾಣೋದು. ಪದರ ನಿಲ್ಲೋ ಗೆರೆಯನ್ನ ಟ್ರೇಸಿಂಗ್ ಪೇಪರ್ ಮೇಲೆ ನಕಲು ಮಾಡ್ಕೊಳ್ಳಿ. ಹಳೇ ಡಾಂಬರು ಪದರಗಳಲ್ಲಿ ಆಸ್ಬೆಸ್ಟಾಸ್ ನಾರು, ಹಳೇ ಪ್ರೈಮರ್‌ನಲ್ಲಿ ಸೀಸ ಇರಬಹುದು. ಚಿಕ್ಕ ಚೂರೊಂದನ್ನ ಒದ್ದೆ ಮಾಡಿ ಕಿತ್ತು ಲ್ಯಾಬ್‌ಗೆ ಕೊಟ್ಟು, ವರದಿ ಬಂದ ಮೇಲೆ ಮುಂದುವರಿಯಿರಿ. ಈ ಹೆಜ್ಜೆ ದಯವಿಟ್ಟು ಬಿಡ್ಬೇಡಿ.

ಮೇಲಿಂದ ಹೊಡೆದ ಡಾಂಬರಿಗೆ ಹೀಟ್ ಗನ್ ಕಡಿಮೆ ಶಾಖದಲ್ಲಿಟ್ಟು, ಮೆತ್ತಗಾಗುತ್ತಿದ್ದ ಹಾಗೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎತ್ತಿ. ಉಳಿದ ಜಿಡ್ಡಿಗೆ ಟರ್ಪೆಂಟೈನ್ ಸಾಕು, ಆದ್ರೆ ಟರ್ಪೆಂಟೈನ್ ಆವಿ ಇರುವಾಗ ಹೀಟ್ ಗನ್ ಹತ್ರ ತರಬೇಡಿ. ವೈರ್ ವೀಲ್, ಅಂದ್ರೆ ತಿರುಗೋ ತಂತಿ ಬ್ರಷ್, ಬೇಡವೇ ಬೇಡ. ಅದು ಡಾಂಬರನ್ನ ಕರಗಿಸಿ ಬಳಿಯುತ್ತೆ, ಸತುವಿನ ಪದರವನ್ನ ಕ್ಷಣದಲ್ಲಿ ತಿಂದುಹಾಕುತ್ತೆ. ಆ ಸತುವಿನ ದಪ್ಪ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು ಅಷ್ಟೇ. ಡ್ರೈ ಐಸ್ ಬ್ಲಾಸ್ಟಿಂಗ್ (ಗಟ್ಟಿ ಕಾರ್ಬನ್ ಡೈಆಕ್ಸೈಡ್ ಹರಳುಗಳನ್ನ ಗಾಳಿಯ ರಭಸದಲ್ಲಿ ಹೊಡೆಯೋದು) ದುಬಾರಿ, ಆದ್ರೂ ಒರಿಜಿನಲ್ ಉಳಿಸೋರಿಗೆ ಅದಕ್ಕಿಂತ ಒಳ್ಳೇದಿಲ್ಲ. ಮೈನಸ್ 78 ಡಿಗ್ರಿಯ ಹರಳುಗಳು ಮೇಣ, ಕೊಳೆ, ಸಡಿಲವಾದದ್ದನ್ನ ಎಬ್ಬಿಸ್ತವೆ, ಬಿಗಿಯಾಗಿ ಅಂಟಿದ ಪಿವಿಸಿ ಬಹುಮಟ್ಟಿಗೆ ನಿಲ್ಲುತ್ತೆ. ಕಾರ್ಬನ್ ಡೈಆಕ್ಸೈಡ್ ನೆಲಮಟ್ಟದಲ್ಲಿ ತುಂಬ್ಕೊಳ್ಳುತ್ತೆ, ಬಾಗಿಲು ಮುಚ್ಚಿದ ಗ್ಯಾರೇಜ್‌ನಲ್ಲಿ ಮಾಡಲೇಬೇಡಿ. ಪಿವಿಸಿ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ, ಅದಕ್ಕೇ ವೆಲ್ಡಿಂಗ್ ಜಾಗದ ಸುತ್ತ ಕನಿಷ್ಠ 10 ಸೆಂಟಿಮೀಟರ್ ಮೊದಲೇ ತೆಗೆದಿರಬೇಕು.

ಟೊಳ್ಳು ಜಾಗಗಳಲ್ಲಿ ತುಕ್ಕು ಮುಗಿದ ಮೇಲೂ 3ರಿಂದ 5 ಸೆಂಟಿಮೀಟರ್ ಆಚೆವರೆಗೆ ಪದರ ಕತ್ತರಿಸಿ, ಅಂಚನ್ನ ಇಳಿಜಾರು ಮಾಡಿ. ನೇರವಾಗಿ ಕತ್ತರಿಸಿದ ಅಂಚು ಹೊಸ ಪದರದಡಿ ಮೆಟ್ಟಿಲಿನಂತೆ ಎದ್ದು ಕಾಣುತ್ತೆ. 80 ಗ್ರಿಟ್ ಉಜ್ಜುಕಾಗದದಿಂದ ತುಕ್ಕು ತೆಗೆದು, ಎರಡು ಕೋಟ್ ಎಪಾಕ್ಸಿ ಪ್ರೈಮರ್. ಉಳಿದ ಸತುವಿನ ಮೇಲೆ ಆಸಿಡ್ ಎಚ್ (etch) ಪ್ರೈಮರ್, ಅಂದ್ರೆ ಆಸಿಡ್‌ನಿಂದ ಲೋಹ ಕೊರೆದು ಅಂಟೋ ಪ್ರೈಮರ್ ಬೇಡ. ಸೀಮ್ ಸೀಲರ್ (ತಗಡುಗಳ ಸಂದು ಮುಚ್ಚೋ ಪೇಸ್ಟ್) ಎಪಾಕ್ಸಿ ಮೇಲೆ ಹಚ್ಚಬೇಕು, ಬರೀ ತಗಡಿಗಲ್ಲ.

ಹೊಸ ಪದರಕ್ಕೆ ಮೇಲೆ ಬಣ್ಣ ಹೊಡೆಯಬಹುದಾದ ಸ್ಟೋನ್ ಗಾರ್ಡ್ (ಕಲ್ಲೇಟು ತಡೆಯೋ ಲೇಪ) ತಗೊಳ್ಳಿ. ಲೆಕ್ಕ ಸುಲಭ: 1 ಲೀಟರ್ 1 ಚದರ ಮೀಟರ್‌ಗೆ 1 ಮಿಲಿಮೀಟರ್ ಹಸಿ ದಪ್ಪ ಕೊಡುತ್ತೆ, ಡಬ್ಬದಲ್ಲಿ ಅರ್ಧ ಪಾಲು ದ್ರಾವಕ ಇದ್ರೆ ಒಣಗಿದ ಮೇಲೆ ಉಳಿಯೋದು ಅರ್ಧ ಮಿಲಿಮೀಟರ್. ದಪ್ಪ ಬೇಕು ಅಂತ ಒಂದೇ ಸಲ ಸುರಿದ್ರೆ ಮೇಲೆ ಕೆನೆ ಕಟ್ಟಿ, ಒಳಗೆ ದ್ರಾವಕ ಸಿಕ್ಕಿಹಾಕ್ಕೊಂಡು ವಾರಗಟ್ಟಲೆ ಮೆತ್ತಗೇ ಇರುತ್ತೆ. ಎರಡು ತೆಳು ಕೋಟ್ ಹೊಡೀರಿ. ಶುಟ್ಜ್ ಗನ್‌ನಲ್ಲಿ (ಅಂಡರ್‌ಕೋಟಿಂಗ್ ಹೊಡೆಯೋ ಸ್ಪ್ರೇ ಗನ್) ಗಾಳಿ 3ರಿಂದ 5 ಬಾರ್, ದೂರ 20ರಿಂದ 30 ಸೆಂಟಿಮೀಟರ್. ಒತ್ತಡ ಜಾಸ್ತಿ ಮಾಡಿದಷ್ಟೂ ಕಣ ನುಣುಪು, ಕಡಿಮೆ ಮಾಡಿದ್ರೆ ಉಂಡೆ ಉಂಡೆ. ಒರಿಜಿನಲ್ ಟೆಕ್ಸ್ಚರ್‌ಗೆ ಹೊಂದಿಸೋಕೆ ಹಳೇ ತಗಡಿನ ಮೇಲೆ ಐದಾರು ಮಾದರಿ ಹೊಡೆದು, ಪ್ರತಿಯೊಂದರ ಹಿಂದೆ ಒತ್ತಡ, ದೂರ ಬರೆದಿಟ್ಟು, ಕಾರಿನಡಿ ಹಿಡಿದು ಹೋಲಿಸಿ. ಇದಕ್ಕೆ ಅರ್ಧ ದಿನ ಹೋಗಲಿ, ಪರವಾಗಿಲ್ಲ.

ಸ್ಪ್ರೇಗೆ ಮುಂಚೆ ಪ್ರತಿ ಥ್ರೆಡ್‌ಗೂ ಹಳೇ ಬೋಲ್ಟ್, ಪ್ರತಿ ನೀರಿಳಿಯೋ ತೂತಿಗೂ ಫೋಮ್ ಬಿರಡೆ ಹಾಕಿರಬೇಕು. ರಬ್ಬರ್ ಬುಷ್, ಬ್ರೇಕ್ ಹೋಸ್ ಮುಚ್ಚಿರಬೇಕು. ಕೊನೆಯ ಕೋಟ್ ಪೂರ್ತಿ ಗಟ್ಟಿಯಾಗೋ ಮುಂಚೆ ಬಿರಡೆ, ಬೋಲ್ಟ್ ಎಲ್ಲ ತೆಗೆದುಬಿಡಿ, ಇಲ್ಲದಿದ್ರೆ ಅಂಚು ಹರಿದು ಬರುತ್ತೆ. ಸಿಲ್‌ನ (ಬಾಗಿಲ ಕೆಳಗಿನ ಟೊಳ್ಳು ಪಟ್ಟಿ) ತೂತುಗಳಲ್ಲಿ ಒಂದು ತಂತಿ ತೂರಿಸಿ ನೋಡಿ. ಅದು ಸಲೀಸಾಗಿ ಒಳಗೆ ಹೋದ್ರೆ ಮಾತ್ರ ಕಾರು ಕೆಳಗಿಳಿಸಿ.